ತೀನ್ ಪತ್ತಿ ಬರುತ್ತದೆಯೇ? ಪೋಕರ್‌ಗೆ ಅದೇ ಅಡ್ಡಿ!

ದೇವಣಿ: ಸೋಯಾಬೀನ್ ಮಾರಿದ ದುಡ್ಡು ಕೈಗೆ ಬರುವುದಕ್ಕೂ ದೀಪಾವಳಿ ಬರುವುದಕ್ಕೂ ಸರಿಹೋಗುತ್ತದೆ. ಆ ನಾಲ್ಕು ದಿನ ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಕಡೆಯ ಊರುಗಳಲ್ಲಿ ಇಸ್ಪೀಟಿನ ಕಟ್ಟು ಹೊರಬರುವುದು ಹೊಸದೇನಲ್ಲ. ಗಡಿ ದಾಟಿ ಭಾಲ್ಕಿ, ಔರಾದ ಕಡೆ ಹೋದರೂ ಅದೇ ಕಥೆ. ಎಕ್ಕಾ, ರಾಜಾ, ರಾಣಿ, ಗುಲಾಮ ಎಂದರೆ ಮರಾಠಿಯವರಿಗೂ ತಿಳಿಯುತ್ತದೆ, ಕನ್ನಡದವರಿಗೂ ತಿಳಿಯುತ್ತದೆ. ಬದಾಮ, ಕಿಲವರಗಳಿಗೆ ಭಾಷೆಯ ಗಡಿ ಇಲ್ಲ.

ಈ ಕಟ್ಟೆಗಳಿಗೆ ಮೊಬೈಲ್ ಮೂಲಕ ಬಂದ ಹೊಸ ನೆಂಟ ಪೋಕರ್. ‘ತೀನ್ ಪತ್ತಿ ಬರ್ತದ, ಇದೇನ್ ದೊಡ್ಡದು’ ಎಂದು ಕೂತವರೇ ಹೆಚ್ಚು. ಸೋತವರೂ ಬಹುಪಾಲು ಅವರೇ ಎಂದರೆ ಆಶ್ಚರ್ಯವಿಲ್ಲ. ಎರಡೂ ಆಟ ದೂರದ ಸಂಬಂಧಿಗಳು. ಇಂಗ್ಲೆಂಡಿನ ‘ಬ್ರ್ಯಾಗ್’ ಎಂಬ ಮೂರು ಎಲೆಯ ಆಟದಿಂದ ನಮ್ಮ ತೀನ್ ಪತ್ತಿ ಬಂತು. ಪೋಕರ್ 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಬೆಳೆಯಿತು. ಸಂಬಂಧ ಇದೆ ಎಂದಮಾತ್ರಕ್ಕೆ ಸ್ವಭಾವ ಒಂದೇ ಆಗಬೇಕಿಲ್ಲವಲ್ಲ.

ಉಲ್ಟಾ ಲೆಕ್ಕ

ಮೊದಲ ಎಡವಟ್ಟು ಯಾವ ಎಲೆ ದೊಡ್ಡದು ಎಂಬಲ್ಲೇ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಅದಕ್ಕಿಂತ ಕೆಳಗೆ. ಪೋಕರ್‌ನಲ್ಲಿ ಇದು ತಿರುಗುಮುರುಗು: ಕಲರ್ (ಅಲ್ಲಿ ‘ಫ್ಲಶ್’) ಮೇಲೆ, ಸೀಕ್ವೆನ್ಸ್ (‘ಸ್ಟ್ರೇಟ್’) ಕೆಳಗೆ. ಇದು ಯಾರದೋ ಖಯಾಲಿ ಅಲ್ಲ, ಎಣಿಕೆ. 52 ಎಲೆಗಳಲ್ಲಿ ಮೂರನ್ನು ಎತ್ತಿದರೆ 22,100 ಬಗೆ ಆಗುತ್ತವೆ. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಅಪರೂಪದ್ದು ಸೀಕ್ವೆನ್ಸ್, ಅದಕ್ಕೇ ಬೆಲೆ. ಐದು ಎಲೆ ಎತ್ತಿದರೆ 25,98,960 ಬಗೆ. ಅಲ್ಲಿ ಸ್ಟ್ರೇಟ್ 10,200, ಫ್ಲಶ್ 5,108 ಮಾತ್ರ. ಇಲ್ಲಿ ಅಪರೂಪದ್ದು ಕಲರ್.

ಇನ್ನೊಂದು ತಮಾಷೆ ಉಂಟು. ತೀನ್ ಪತ್ತಿಯ ರಾಜ ಎನಿಸಿದ ‘ಟ್ರೇಲ್’ 52 ಬಗೆಯಲ್ಲಿ ಬರಬಹುದು. ಅದರ ಕೆಳಗಿರುವ ‘ಪ್ಯೂರ್ ಸೀಕ್ವೆನ್ಸ್’ 48 ಬಗೆಯಲ್ಲಷ್ಟೇ. ಲೆಕ್ಕ ಹಿಡಿದರೆ ಪ್ಯೂರ್ ಸೀಕ್ವೆನ್ಸೇ ಮೇಲೆ ಇರಬೇಕಿತ್ತು! ವರ್ಷಗಟ್ಟಲೆ ಆಡಿದವರೂ ಇದನ್ನು ಎಣಿಸಲು ಹೋಗುವುದಿಲ್ಲ. ಪೋಕರ್ ಕಲಿಯುವವನು ಎಣಿಸದೆ ಬಿಡುವಂತಿಲ್ಲ.

‘ಬ್ಲೈಂಡ್’ ಎಂಬ ಶಬ್ದವೂ ಮೋಸ ಮಾಡುತ್ತದೆ. ನಮ್ಮಲ್ಲಿ ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವ ಗಂಡೆದೆ. ಪೋಕರ್‌ನಲ್ಲಿ ಅದು ಬರೀ ಕಡ್ಡಾಯದ ಕಾಸು. ಎಲೆ ಹಂಚುವವನ ಎಡಕ್ಕೆ ಕೂತ ಇಬ್ಬರು, ಒಬ್ಬ ಸಣ್ಣದು, ಇನ್ನೊಬ್ಬ ದೊಡ್ಡದು, ಮೊದಲೇ ಹಾಕಬೇಕು. ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಡುವುದೇ ವಿದ್ಯೆ

ಎಲ್ಲೆಡೆ ಆಡುವ ‘ಟೆಕ್ಸಾಸ್ ಹೋಲ್ಡೆಮ್’ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆದು ಬೀಳುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಒಟ್ಟು ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಎಲೆ ಬೀಳುವ ಮೊದಲು ಒಂದು ಸಲ, ಬಿದ್ದಾಗಲೆಲ್ಲ ಒಂದೊಂದು ಸಲ, ಹೀಗೆ ನಾಲ್ಕು ಸುತ್ತು ಪಣ.

ಕೈಯಲ್ಲಿ ಜೋಡಿ ಬರುವುದು 17ಕ್ಕೆ ಒಂದು ಸಲ. ಎರಡು ಎಕ್ಕಾ ಬರಲು 221 ಸಲ ಕಾಯಬೇಕು. ಎಕ್ಕಾ-ರಾಜಾ ಬಂತೆಂದು ಹಿಗ್ಗಿದವನಿಗೂ ನಡುವಿನ ಮೂರು ಎಲೆ ಬಿದ್ದಾಗ ಜೋಡಿಯಾದರೂ ಸಿಗುವುದು ಮೂರರಲ್ಲಿ ಒಂದು ಸಲ. ಹಾಗಾದರೆ ಉಳಿದ ಹೊತ್ತು ಏನು ಮಾಡಬೇಕು? ಪ್ಯಾಕ್ ಮಾಡಬೇಕು. ಹತ್ತು ಸಲ ಎಲೆ ಬಂದರೆ ಏಳೆಂಟು ಸಲ ಸುಮ್ಮನೆ ಇಟ್ಟುಬಿಡುವವನೇ ಆಟ ಕಲಿತವನು. ಕಟ್ಟೆಯ ಮೇಲೆ ಹೀಗೆ ಮಾಡಿದರೆ ‘ಏನೋ, ಅಂಜಿದೆಯಾ?’ ಎಂಬ ನಗು ತಪ್ಪಿದ್ದಲ್ಲ. ಆ ನಗು ತಡೆಯಲಾರದೆ ಚಾಲ್ ಹಾಕಿದವರ ಸೋಯಾಬೀನ್ ದುಡ್ಡು ಎಲ್ಲಿ ಹೋಯಿತು ಎಂಬುದು ಅವರವರ ಮನೆಯವರಿಗೆ ಗೊತ್ತು.

ಹಾಕಬೇಕೋ ಇಡಬೇಕೋ ಎಂಬುದಕ್ಕೂ ಲೆಕ್ಕವಿದೆ. ಕೈಯಲ್ಲಿ, ನಡುವೆ ಸೇರಿ ನಾಲ್ಕು ಬದಾಮ ಆಗಿವೆ, ಇನ್ನೊಂದು ಬಂದರೆ ಕಲರ್, ಉಳಿದಿರುವುದು ಕೊನೆಯ ಒಂದೇ ಎಲೆ ಎಂದುಕೊಳ್ಳಿ. ಕಾಣದ ಎಲೆ 46, ಅದರಲ್ಲಿ ಬದಾಮ 9. ಅಂದರೆ ಐದಕ್ಕೆ ಒಂದು ಸಲವೂ ಪೂರ್ತಿ ಇಲ್ಲ. ನಡುವೆ 30 ಇದೆ, ಎದುರಿನವ 30 ಹಾಕಿದ. ನೀವು 30 ಹಾಕಿ 60ಕ್ಕೆ ಆಸೆಪಡಬೇಕು. ಮೂರಕ್ಕೆ ಒಂದು ಸಲ ಗೆದ್ದರೆ ಮಾತ್ರ ಅದು ಸರಿಹೋಗುತ್ತದೆ. ಇಟ್ಟುಬಿಡಿ. ಅದೇ ನಡುವೆ 90 ಇದ್ದು ಎದುರಿನವ ಬರೀ 10 ಹಾಕಿದರೆ, 10ಕ್ಕೆ 100 ಸಿಗುವ ವ್ಯಾಪಾರ, ಹಾಕಬಹುದು. ಅಡತಿ ಅಂಗಡಿಯಲ್ಲಿ ಕೂತು ಬಲ್ಲವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ಕೊನೆಗೆ ಮಾತಾಡುವವನಿಗೆ ಹೆಚ್ಚು ಅನುಕೂಲ, ಉಳಿದವರ ಆಟ ನೋಡಿರುತ್ತಾನೆ. ಕೂತ ಜಾಗ ನೋಡಿ ಆಡುವುದನ್ನು ಹೊಸಬರು ತಿಂಗಳುಗಟ್ಟಲೆ ಕಲಿಯುವುದೇ ಇಲ್ಲ.

ಯಾರು ಗೆದ್ದರೂ ಮನೆಯವನಿಗೆ ಪಾಲು

ಆಡುವವರು ನೋಡದ ಇನ್ನೊಂದು ಖರ್ಚು ಟೇಬಲ್ ಇಟ್ಟವನ ಪಾಲು. ಆರು ಜನ ತಲಾ 1,000 ರೂಪಾಯಿ ತಂದರು, ಪ್ರತಿ ಆಟದಲ್ಲಿ ನಡುವೆ 100 ರೂಪಾಯಿ ಸೇರಿತು, ಅದರಲ್ಲಿ 5 ಟೇಬಲಿನವನಿಗೆ ಎಂದುಕೊಳ್ಳೋಣ. ಗಂಟೆಗೆ 60 ಆಟ ನಡೆದರೆ 300 ರೂಪಾಯಿ. 20 ಗಂಟೆಗೆ ಆರೂ ಜನರ 6,000 ಪೂರ್ತಿ ಅವನ ಗಲ್ಲಾಪೆಟ್ಟಿಗೆಗೆ! ಇದರ ಮೇಲೆ 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದ ಆಟಕ್ಕೆ ಹಾಕಿದ ದುಡ್ಡಿನ ಮೇಲೆಯೇ ಶೇ 28 ಜಿಎಸ್‌ಟಿ ಬಂತು. 1,000 ಹಾಕಿದರೆ ಸುಮಾರು 219 ತೆರಿಗೆಯ ಬಾಬ್ತು. ಗೆದ್ದ ನಿವ್ವಳ ಹಣಕ್ಕೆ ಶೇ 30 ಟಿಡಿಎಸ್ ಬೇರೆ.

ಆ ಟೇಬಲ್‌ಗಳಿಗೆ ಈಗ ಬೀಗ ಬಿದ್ದಿದೆ. ಹಣ ಹಚ್ಚುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಬರೀ ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೂ ಅದು ಕೇಳುವುದಿಲ್ಲ. ಹಾಗಿದ್ದೂ ಹೊರದೇಶದ ಲಿಂಕ್ ಕಳಿಸಿ ಕರೆಯುವವರು ಇದ್ದರೆ, ಹೋದ ದುಡ್ಡಿಗೆ ಕೇಳಲು ಯಾವ ಕಚೇರಿಯೂ ಇಲ್ಲ ಎಂಬುದು ನೆನಪಿರಲಿ.

ಕಟ್ಟೆಯ ಆಟಕ್ಕೆ ಹಳೇ ಕಾನೂನುಗಳೇ. ಈ ಕಡೆ 1887ರ ಮುಂಬೈ ಜೂಜು ತಡೆ ಕಾಯ್ದೆ, ಆ ಕಡೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಪೋಕರ್ ವಿಷಯದಲ್ಲಿ ಕೋರ್ಟುಗಳೇ ಒಮ್ಮತಕ್ಕೆ ಬಂದಿಲ್ಲ: 2013ರಲ್ಲಿ ಕರ್ನಾಟಕ ಹೈಕೋರ್ಟಿನ ಮಾತು ಅದರ ಪರವಾಗಿದ್ದರೆ, 2017ರಲ್ಲಿ ಗುಜರಾತ್ ಹೈಕೋರ್ಟು ಅದನ್ನು ಜೂಜೆಂದಿತು. ರಸ್ತೆ ಬದಿ ಹಣ ಹಚ್ಚಿ ಕೂತವನು ಪೊಲೀಸರ ಮುಂದೆ ಈ ತೀರ್ಪುಗಳನ್ನು ಓದಿ ಹೇಳುತ್ತೇನೆಂದರೆ ನಡೆಯುವ ಮಾತಲ್ಲ.

ಹುಣಸೆ ಬೀಜ ಸಾಕು

ಕಲಿಯುವ ಆಸೆ ಇದ್ದವರಿಗೆ ಹಣವೇ ಬೇಡ. ಮರಾಠಿಯಲ್ಲಿ ಚಿಂಚೋಕೆ ಎನ್ನುವ ಹುಣಸೆ ಬೀಜ ಮನೆಯಲ್ಲೇ ಇದೆ. ತಲೆಗೆ 100 ಬೀಜ, ಸಣ್ಣ ಬ್ಲೈಂಡ್ 1, ದೊಡ್ಡದು 2. ಬೀಜ ಮುಗಿದವನಿಗೆ ಆ ದಿನ ಮತ್ತೆ ಕೊಡಬಾರದು, ಇಲ್ಲದಿದ್ದರೆ ಯಾರೂ ಪ್ಯಾಕ್ ಮಾಡುವುದಿಲ್ಲ. ಅಮೆರಿಕದ ಎಂಐಟಿ ಸಂಸ್ಥೆ 2015ರಲ್ಲಿ ಪೋಕರ್ ಲೆಕ್ಕದ ಮೇಲೆ ನಡೆಸಿದ ಪಾಠಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ಬರುವ ಕಾಲೇಜು ಹುಡುಗರು ನೋಡಬಹುದು. ಜೊತೆಗೊಂದು ವಹಿ ಇಟ್ಟು ಎಷ್ಟು ಸಲ ಎಲೆ ಬಂತು, ಎಷ್ಟು ಸಲ ಇಟ್ಟೆ, ಇಡದೆ ಹೋದಾಗ ಎಷ್ಟು ಬೀಜ ಹೋಯಿತು ಎಂದು ಬರೆಯಬೇಕು. ಮೊದಲ ವಾರ ಮೂರನೆಯ ಕಾಲಂ ನೋಡಿದರೆ, ಅವು ಬೀಜವಲ್ಲದೆ ರೂಪಾಯಿ ಆಗಿದ್ದರೆ ಏನಾಗುತ್ತಿತ್ತು ಎಂಬ ಅಂದಾಜು ಸಿಗುತ್ತದೆ.