ಹೊಳಪಿನ ಹತ್ತಿನೂಲು: ಅದರ ಆಯ್ಕೆಯೂ ಆರೈಕೆಯೂ

ಹಳೆಯ ವಿದ್ಯಾರ್ಥಿನಿಯರ ಕೂಟವು ಕಳೆದ ಸಲ ನೆರೆದಾಗ ಹೊಲಿಗೆಯ ಕೋಣೆಯಲ್ಲಿ ಎರಡು ಮೇಜುವಸ್ತ್ರಗಳು ಅಕ್ಕಪಕ್ಕದಲ್ಲಿ ಹಾಸಲ್ಪಟ್ಟಿದ್ದವು. ಒಂದು, ನಲವತ್ತು ವರ್ಷಗಳಿಗೂ ಹಿಂದೆ ಈ ಶಾಲೆಯ ಬಾಲೆಯೊಬ್ಬಳು ತನ್ನ ಮದುವೆಗೆಂದು ಹೆಣೆದದ್ದು. ಎಷ್ಟೋ ಒಗೆತಗಳನ್ನು ಕಂಡಿದ್ದರೂ ಅದರ ಹೊಳಪು ಅಳಿದಿರಲಿಲ್ಲ. ಇನ್ನೊಂದು, ಎರಡೇ ವರ್ಷಗಳ ಕೆಳಗೆ ಮುಗಿದದ್ದು. ಅದರ ಅಂಚಿನ ಕೆಂಪು ಬಿಳುಪಿನೊಳಕ್ಕೆ ಹರಿದು, ವಸ್ತ್ರವೆಲ್ಲವೂ ಮಾಸಲು ಗುಲಾಬಿಯಾಗಿತ್ತು. ಕೈಚಳಕದಲ್ಲಿ ಎರಡನೆಯದೇ ಮಿಗಿಲೆಂದು ನೋಡಿದವರೆಲ್ಲರೂ ಒಪ್ಪಿದರು. ಅದನ್ನು ಹೆಣೆದ ಸಹೋದರಿಯು ಗಂಡನನ್ನು ಕಳೆದುಕೊಂಡ ಮೇಲೆ ಇಂಥ ಕೆಲಸವನ್ನು ಒಪ್ಪಿಕೊಂಡು ಮಾಡಿ ಮಕ್ಕಳ ಓದಿನ ಖರ್ಚನ್ನು ತೂಗಿಸುತ್ತಿರುವವಳು. ಮಾಡಿಸಿಕೊಂಡವರು ಮೊದಲನೆಯ ಒಗೆತದ ತರುವಾಯ ವಸ್ತ್ರವನ್ನು ಹಿಂದಕ್ಕೆ ಕಳುಹಿಸಿದರು. ಎರಡು ತಿಂಗಳ ದುಡಿಮೆಯ ಹಣವನ್ನು ಆಕೆಯು ಮರಳಿ ಕೊಡಬೇಕಾಯಿತು. ನೂಲು ಮಾರಿದ ಅಂಗಡಿಯವರು ಬಣ್ಣ ಗಟ್ಟಿಯೆಂದೇ ಹೇಳಿದ್ದರಂತೆ. ಆಕೆ ನಮ್ಮನ್ನು ಕೇಳಿದ್ದು ಒಂದೇ ಮಾತು: “ಟೀಚರಮ್ಮ, ಕುಣಿಕೆ ಹಾಕುವುದನ್ನೆಲ್ಲ ಕಲಿಸಿದಿರಿ, ನೂಲು ನೋಡುವುದನ್ನು ಏಕೆ ಕಲಿಸಲಿಲ್ಲ?” ಆ ಮಾತು ನ್ಯಾಯವಾದದ್ದೇ. ಅಂದು ಕಲಿಸದೆ ಉಳಿದುದನ್ನು ಈ ಪುಟಗಳಲ್ಲಿ ಬರೆಯುತ್ತಿದ್ದೇವೆ.

ಕ್ರೋಶಾ ಕೆಲಸಕ್ಕೆ ನಾವು ಉಪಯೋಗಿಸುವ ಹೊಳಪಿನ ದಾರಕ್ಕೆ ಮರ್ಸರೈಸ್ಡ್ ನೂಲೆಂದು ಹೆಸರು. ಇದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಜಾನ್ ಮರ್ಸರ್ ಎಂಬಾತನು 1791ರಲ್ಲಿ ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿಯೇ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುವ ಕೆಲಸಕ್ಕೆ ನಿಂತ ಈತನು ರಸಾಯನಶಾಸ್ತ್ರವನ್ನು ತಾನಾಗಿಯೇ ಓದಿ ಕಲಿತನು. 1844ರಲ್ಲಿ ಆತನು ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣವನ್ನು ಹತ್ತಿಬಟ್ಟೆಯಲ್ಲಿ ಸೋಸುತ್ತಿರುವಾಗ, ಆ ಬಟ್ಟೆಯು ದಪ್ಪವಾಗಿ, ಕುಗ್ಗಿ, ಮೊದಲಿಗಿಂತ ಬಲವುಳ್ಳದ್ದಾದುದನ್ನು ಕಂಡನು. ಅದು ಬಣ್ಣವನ್ನೂ ಹೆಚ್ಚಾಗಿ ಹೀರುತ್ತಿತ್ತು. 1850ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಆದರೆ ಬಟ್ಟೆಯು ಬಹಳವಾಗಿ ಕುಗ್ಗುವುದರಿಂದ ನಷ್ಟವೆಂದು ಗಿರಣಿಯವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ; ಮರ್ಸರನು 1866ರಲ್ಲಿ ತೀರಿಕೊಂಡನು. ಆಶ್ಚರ್ಯವೇನೆಂದರೆ, ಇಂದು ಆತನ ಹೆಸರನ್ನು ಹೊತ್ತಿರುವ ಹೊಳಪನ್ನು ಆತನು ಉದ್ದೇಶಿಸಿಯೇ ಇರಲಿಲ್ಲ. 1890ರ ಸುಮಾರಿಗೆ ಹೊರೇಸ್ ಲೋ ಎಂಬಾತನು ನೂಲನ್ನು ಕುಗ್ಗದಂತೆ ಬಿಗಿಯಾಗಿ ಎಳೆದು ಹಿಡಿದು ಅದೇ ದ್ರಾವಣದಲ್ಲಿ ಅದ್ದಿದಾಗ, ಹತ್ತಿಗೆ ರೇಷ್ಮೆಯಂಥ ಕಾಂತಿ ಬಂತು.

ಇದರ ಕಾರಣವು ತಿಳಿಯಲು ಕಷ್ಟವಲ್ಲ. ಹತ್ತಿಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಮುರುಚಿಕೊಂಡ ಚಪ್ಪಟೆ ನಾಡಾದಂತೆ ಕಾಣುತ್ತದೆ. ಅದರ ಮೇಲೆ ಬಿದ್ದ ಬೆಳಕು ಅಡ್ಡಾದಿಡ್ಡಿಯಾಗಿ ಚದರಿಹೋಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಆ ಎಳೆಯು ಉಬ್ಬಿ, ಮುರುಚು ಬಿಚ್ಚಿ, ಕೊಳವೆಯಂತೆ ದುಂಡಗಾಗುತ್ತದೆ. ಎಳೆದು ಹಿಡಿದುದರಿಂದ ಮೈ ನುಣುಪಾಗಿ ಬೆಳಕನ್ನು ನೇರವಾಗಿ ಹಿಂದಿರುಗಿಸುತ್ತದೆ. ಹೊಳಪು ಮೇಲೆ ಬಳಿದದ್ದಲ್ಲ, ಎಳೆಯ ಆಕಾರದಲ್ಲಿಯೇ ಇರುವುದು. ಆದಕಾರಣ ಒಗೆತದಿಂದ ಹೋಗುವುದಿಲ್ಲ. ಉದ್ದ ಎಳೆಯ ಹತ್ತಿಗೆ ಈ ಸಂಸ್ಕಾರವು ಚೆನ್ನಾಗಿ ಒಪ್ಪುತ್ತದೆ. ಈಜಿಪ್ತಿನ ಹತ್ತಿಯ ಕೀರ್ತಿಗೆ ಇದೂ ಒಂದು ಕಾರಣ. ನಮ್ಮ ಧಾರವಾಡದ ಸಂಶೋಧಕರು ಬೆಳೆಯಿಸಿದ ಡಿ.ಸಿ.ಎಚ್. 32 ಎಂಬ ತಳಿಯೂ ಉದ್ದ ಎಳೆಯದೇ. (ಇದನ್ನು ಓದಿ ಯಾರೂ ಮನೆಯಲ್ಲಿ ಕಾಸ್ಟಿಕ್ ಸೋಡಾ ಕಲಸಲು ಹೊರಡಬಾರದು. ಅದು ಚರ್ಮವನ್ನೂ ಕಣ್ಣನ್ನೂ ಸುಡುವಂಥದು.)

ಹೀಗಿರಲಾಗಿ ಅಂಗಡಿಯಲ್ಲಿ ಮಾಡತಕ್ಕ ಮೊದಲನೆಯ ಪರೀಕ್ಷೆಯೆಂದರೆ ಹೊಳಪು ನಿಜವೋ ಹುಸಿಯೋ ಎಂಬುದು. ಗಂಜಿಯನ್ನೋ ಮೇಣವನ್ನೋ ತೀಡಿ ಮಿನುಗಿಸಿದ ದಾರಗಳೂ ಮಾರಾಟಕ್ಕೆ ಬರುತ್ತವೆ. ಒಂದು ಗೇಣು ದಾರವನ್ನು ಮನೆಗೆ ತಂದು ಬಿಸಿನೀರಿನಲ್ಲಿ ಸಾಬೂನಿನಿಂದ ತಿಕ್ಕಿ ಒಣಗಿಸಿದರೆ ಅಂಥ ದಾರವು ಮಂಕಾಗಿ ನವಿರೇಳುತ್ತದೆ. ಕೃತಕ ರೇಷ್ಮೆಯನ್ನು ಗುರುತಿಸುವುದಕ್ಕೆ ಸುಡುವ ಪರೀಕ್ಷೆಯು ಸಾಲದು, ಯಾಕಂದರೆ ಅದೂ ಹತ್ತಿಯಂತೆಯೇ ಕಾಗದ ಸುಟ್ಟ ವಾಸನೆಯಿಂದ ಉರಿಯುತ್ತದೆ. ದಾರದ ನಡುವನ್ನು ನೀರಿನಿಂದ ತೋಯಿಸಿ ಎರಡು ಕೈಗಳಿಂದ ಎಳೆಯಿರಿ. ಹತ್ತಿಯು ಒದ್ದೆಯಾದಾಗ ಹೆಚ್ಚು ಬಲವುಳ್ಳದ್ದು; ಕೃತಕ ರೇಷ್ಮೆಯು ಒದ್ದೆಯಾದ ಸ್ಥಳದಲ್ಲಿಯೇ ಕಡಿಯುತ್ತದೆ. ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಬೆರೆತಿದ್ದರೆ ಮಾತ್ರ ಬೆಂಕಿಯು ಅದನ್ನು ಹೊರಗೆಡಹುತ್ತದೆ: ಅದು ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ.

ಎರಡನೆಯದು ಬಣ್ಣದ ಪರೀಕ್ಷೆ. ನಮ್ಮ ಸಹೋದರಿಯು ಇದನ್ನೊಂದು ಮಾಡಿದ್ದರೆ ಸಾಕಾಗಿತ್ತು. ಬಣ್ಣದ ದಾರವನ್ನು ಒದ್ದೆಮಾಡಿ, ಬಿಳಿಯ ಬಟ್ಟೆಯ ಮಡಿಕೆಯೊಳಗಿಟ್ಟು, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಬೇಕು. ಬಟ್ಟೆಗೆ ಕಲೆ ಹತ್ತಿದರೆ ಆ ದಾರವನ್ನು ಬಿಳಿಯ ಜೊತೆಗೆ ಹೆಣೆಯಲೇಬಾರದು. ಕೆಂಪು, ಕಡುನೀಲಿ, ಕಪ್ಪು ಇವುಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ಉಪ್ಪನ್ನೋ ವಿನಿಗರನ್ನೋ ಹಾಕಿದ ನೀರಿನಲ್ಲಿ ನೆನೆಯಿಟ್ಟರೆ ಬಣ್ಣ ನಿಲ್ಲುವುದೆಂದು ಅನೇಕರು ನಂಬಿದ್ದಾರೆ. ನಾವೂ ಬಹುಕಾಲ ನಂಬಿದ್ದೆವು. ಸರಿಯಾಗಿ ಕಟ್ಟದ ಬಣ್ಣವನ್ನು ಅವು ಕಟ್ಟಲಾರವು. ಬಣ್ಣ ಹರಿಯುತ್ತಿರುವುದನ್ನು ಕಂಡಾಗ ವಸ್ತ್ರವನ್ನು ಒಣಗಲು ಬಿಡದೆ, ನೀರು ತಿಳಿಯಾಗುವ ತನಕ ತಣ್ಣೀರನ್ನು ಬದಲಿಸುತ್ತಾ ಇರಬೇಕು. ಒಣಗಿದ ಮೇಲೆ ಕಲೆಯು ಕಚ್ಚಿಕೊಳ್ಳುತ್ತದೆ. ಆ ಮೇಜುವಸ್ತ್ರಕ್ಕೆ ಆದದ್ದು ಇದೇ. ಕೊಂಡವರ ಮನೆಯಲ್ಲಿ ಅದನ್ನು ನೀರು ತೊಟ್ಟಿಕ್ಕುತ್ತಿರುವಾಗಲೇ ಬಿಸಿಲಿನಲ್ಲಿ ನೇತುಹಾಕಿದ್ದರಂತೆ.

ದಾರದ ನಂಬರುಗಳು ಹೊಸಬರನ್ನು ಗಲಿಬಿಲಿಗೊಳಿಸುವುದುಂಟು, ಏಕೆಂದರೆ ನಂಬರು ಏರಿದಂತೆ ದಾರವು ತೆಳ್ಳಗಾಗುತ್ತದೆ. 10ನೆಯ ನಂಬರು ಹಾಸಿಗೆಯ ಹೊದಿಕೆಗೂ ಮೇಜುವಸ್ತ್ರಕ್ಕೂ ತಕ್ಕದ್ದು. ಅದಕ್ಕೆ ಒಂದೂವರೆ ಮಿಲಿಮೀಟರಿನ ಆಸುಪಾಸಿನ ಉಕ್ಕಿನ ಕಡ್ಡಿ ಒಪ್ಪುತ್ತದೆ. 20 ಸಣ್ಣ ಹಾಸುಗಳಿಗೆ; 40 ಮತ್ತು 60 ಕರವಸ್ತ್ರದ ಅಂಚಿಗೆ. 80, 100 ಇವು ಎಳೆಯ ಕಣ್ಣುಗಳಿಗೂ ಹಗಲಿನ ಬೆಳಕಿಗೂ ಮೀಸಲು. ಬೇರೆ ಬೇರೆ ತಯಾರಕರ ಒಂದೇ ನಂಬರು ಒಂದೇ ದಪ್ಪವಿರುವುದೆಂದು ನಂಬಿ ನಡುವೆ ಬದಲಾಯಿಸಬೇಡಿರಿ. ಇಡೀ ಕೆಲಸಕ್ಕೆ ಬೇಕಾದ ಉಂಡೆಗಳನ್ನು ಒಂದೇ ಸಲ ಕೊಳ್ಳುವುದು ಲೇಸು (ಲೇಸಿನ ಕೆಲಸಕ್ಕೆ ಲೇಸಾದ ಮಾತೇ). ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಬಣ್ಣದ ತೊಟ್ಟಿಯ ಸಂಖ್ಯೆಯೂ ಅಚ್ಚಾಗಿರುತ್ತದೆ. ಎರಡೂ ಸರಿಹೊಂದದಿದ್ದರೆ ಮುಗಿದ ವಸ್ತ್ರದಲ್ಲಿ ಪಟ್ಟೆಯು ಎದ್ದು ಕಾಣುವುದು. ತೂಕಕ್ಕಿಂತ ಮೀಟರುಗಳ ಲೆಕ್ಕವನ್ನು ನೋಡಿರಿ.

ಕಡ್ಡಿಗಳೆರಡರಿಂದ ಹೆಣೆಯುವ ಉಡುಪಿನ ವಿಚಾರವೇ ಬೇರೆ. ಉಣ್ಣೆಗೆ ಇರುವ ಹಿಗ್ಗಿ ಕುಗ್ಗುವ ಗುಣವು ಹತ್ತಿಗಿಲ್ಲ, ತೂಕವೂ ಹೆಚ್ಚು. ಮರ್ಸರೈಸ್ಡ್ ನೂಲಿನ ದೊಡ್ಡ ಸ್ವೆಟರು ತನ್ನ ಭಾರದಿಂದಲೇ ಜೋತು ಮೊಣಕಾಲಿನತ್ತ ಇಳಿಯುವುದನ್ನು ನಾವು ಕಂಡಿದ್ದೇವೆ. ಆದರೆ ಕರಾವಳಿಯ ಸೆಕೆಯಲ್ಲಿ ಉಣ್ಣೆಯಿಂದ ಕಡಿತಗೊಳ್ಳುವ ಹಸುಗೂಸುಗಳಿಗೆ ಇದರ ಕುಲಾವಿ, ಅಂಗಿಗಳು ಬಹಳ ಹಿತವಾದವು. ಮೊದಲು ಅಂಗೈಯಗಲದ ತುಂಡನ್ನು ಹೆಣೆದು, ಒಗೆದು, ಒಣಗಿಸಿ, ಅನಂತರ ಅಳೆದು ಹೊಲಿಗೆಗಳನ್ನು ಎಣಿಸಿಕೊಳ್ಳಬೇಕು. ನುಣುಪು ನೂಲು ಲೋಹದ ಕಡ್ಡಿಯಿಂದ ಜಾರುತ್ತದೆ. ಬಿದಿರಿನ ಕಡ್ಡಿ ಹಿಡಿತವುಳ್ಳದ್ದು. ಅಡಿಗೆಮನೆಯ ಕೈವಸ್ತ್ರಗಳಿಗೆ ಈ ಬೆಲೆಯ ನೂಲು ಬೇಡವೇ ಬೇಡ, ಮೆತ್ತನೆಯ ಸಾದಾ ಹತ್ತಿನೂಲೇ ಸಾಕು.

ಒಗೆಯುವಾಗ ತಣ್ಣೀರು, ಮೃದುವಾದ ಸಾಬೂನು. ಕಲ್ಲಿನ ಮೇಲೆ ಬಡಿಯುವುದೂ ಹಿಂಡುವುದೂ ಕೂಡದು. ದಪ್ಪ ಟವೆಲಿನಲ್ಲಿ ಸುತ್ತಿ ನೀರನ್ನು ಒತ್ತಿ ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಆಕಾರಕ್ಕೆ ಚುಚ್ಚಿಡಬೇಕು. ಬಿಳಿಯ ವಸ್ತ್ರವನ್ನು ಕುದಿನೀರಿಗೆ ಹಾಕಿದರೂ ಕೆಡದು. ಆದರೆ ಬ್ಲೀಚಿಂಗ್ ಪುಡಿಯು ಎಳೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಇಸ್ತ್ರಿಯನ್ನು ಹಿಮ್ಮೈಯಿಂದ, ಮೇಲೆ ತೆಳುಬಟ್ಟೆಯನ್ನು ಹಾಸಿ ಮಾಡತಕ್ಕದ್ದು.

ಬಹುಕಾಲ ಇಡುವುದಾದರೆ ಗಂಜಿಯನ್ನು ಪೂರ್ಣವಾಗಿ ಒಗೆದು ತೆಗೆಯಿರಿ. ನುಸಿಗುಳಿಗೆಗಳನ್ನು ಹಾಕಿ ನಿಶ್ಚಿಂತರಾಗುವ ತಾಯಂದಿರು ತಿಳಿಯಬೇಕಾದದ್ದೇನೆಂದರೆ, ಉಣ್ಣೆಯನ್ನು ತಿನ್ನುವ ಹುಳವು ಹತ್ತಿಯ ಗೊಡವೆಗೆ ಬರುವುದಿಲ್ಲ. ಜಿರಳೆಯೂ ಬೆಳ್ಳಿಯ ಬಣ್ಣದ ಪುಸ್ತಕದ ಹುಳವೂ ಬರುವುದು ಗಂಜಿಯ ಆಸೆಗೆ. ಮಡಿಸಿದ ಗೆರೆಯಲ್ಲಿಯೇ ದಾರವು ಮೊದಲು ಹರಿಯುವುದರಿಂದ ಮಡಿಸದೆ, ಹಳೆಯ ಬಿಳಿಯ ಬಟ್ಟೆಯ ಸುರುಳಿಯ ಮೇಲೆ ಸುತ್ತಿಡುವುದು ಉತ್ತಮ. ವರ್ತಮಾನಪತ್ರಿಕೆಯ ಕಾಗದವೂ ಪ್ಲಾಸ್ಟಿಕ್ ಚೀಲವೂ ಬೇಡ. ಮಲೆನಾಡಿನವರೂ ಕರಾವಳಿಯವರೂ ಮಳೆಗಾಲ ಕಳೆದ ಕೂಡಲೆ ಪೆಟ್ಟಿಗೆಯನ್ನು ತೆರೆದು ಗಾಳಿಯಾಡಿಸಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಟ್ರಂಕಿನ ತುಕ್ಕು ಹತ್ತಿದ್ದರೆ ನಿಂಬೆರಸ ಮತ್ತು ಉಪ್ಪನ್ನು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಹುಳಿಯ ಅಂಶವೇನೂ ಉಳಿಯದಂತೆ ಹಲವು ನೀರಿನಲ್ಲಿ ಜಾಲಿಸಬೇಕು.

ಕೊನೆಗೆ, ಮಾರಾಟಕ್ಕಾಗಿ ಹೆಣೆಯುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಆಂಧ್ರದ ನರಸಾಪುರದ ಸುತ್ತಣ ಕ್ರೋಶಾ ಲೇಸಿನ ಕೆಲಸವು 19ನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಹಬ್ಬಿದ್ದು. ಅದು ದೂರದೇಶಗಳಿಗೆ ಹೋಯಿತು. ಆದರೆ ಮರಿಯಾ ಮೀಸ್ ಎಂಬ ವಿದುಷಿಯು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಣೆದ ಹೆಂಗಸರ ಕೈಗೆ ಬಂದ ಕೂಲಿಯು ಎಷ್ಟು ಅಲ್ಪವಾಗಿತ್ತೆಂಬುದನ್ನೂ, ಅವರ ದುಡಿಮೆಯನ್ನು ಬಿಡುವಿನ ವೇಳೆಯ ಕಾಲಕ್ಷೇಪವೆಂದೇ ಎಣಿಸಲಾಗುತ್ತಿತ್ತೆಂಬುದನ್ನೂ ತೋರಿಸಿದಳು. ಬೆಲೆ ಹೇಳುವಾಗ ನೂಲಿನ ಕ್ರಯದ ಜೊತೆಗೆ ಕುಳಿತ ಗಂಟೆಗಳನ್ನೂ ಬರೆದಿಟ್ಟು ಲೆಕ್ಕಕ್ಕೆ ಹಿಡಿಯಿರಿ. ವಸ್ತ್ರದೊಂದಿಗೆ ಒಗೆಯುವ ಕ್ರಮವನ್ನು ಚೀಟಿಯಲ್ಲಿ ಬರೆದು ಕೊಡಿರಿ. ಮೇಲೆ ಹೇಳಿದ ಸಹೋದರಿಯು ಈಗ ಹಾಗೆಯೇ ಮಾಡುತ್ತಿದ್ದಾಳೆ. ಆ ಗುಲಾಬಿ ಬಣ್ಣದ ಮೇಜುವಸ್ತ್ರವನ್ನು ನಾವು ಆಕೆಯಿಂದ ಕೇಳಿ ಪಡೆದು ಹೊಲಿಗೆಯ ಕೋಣೆಯಲ್ಲಿಟ್ಟಿದ್ದೇವೆ. ಹೊಸದಾಗಿ ಕ್ರೋಶಾ ಕಡ್ಡಿ ಹಿಡಿಯುವ ಬಾಲೆಯರಿಗೆ ಮೊದಲನೆಯ ದಿನ ಅದನ್ನು ಬಿಚ್ಚಿ ತೋರಿಸುತ್ತೇವೆ.