ಹೆಸರು ಹಿಡಿದು ಕರೆಯುವ ಇಗರ್ಜಿ

ಕರಾವಳಿಯ ಕಥೊಲಿಕರ ಮಾತಿನಲ್ಲಿ ಊರಿನ ಚರ್ಚ್ ಕಟ್ಟಡಕ್ಕೆ ‘ಇಗರ್ಜಿ’ ಎಂದೂ ಆ ಇಗರ್ಜಿಗೆ ಸೇರಿದ ಮನೆ, ಜನ, ಗದ್ದೆ, ಗುಡ್ಡಗಳ ವ್ಯಾಪ್ತಿಗೆ ‘ಫಿರ್ಗಜ್’ ಎಂದೂ ಹೆಸರು. ಎರಡೂ ಪೋರ್ಚುಗೀಸ್ ಮೂಲದಿಂದ ಕೊಂಕಣಿಗೆ ಬಂದ ಪದಗಳು. ಫಿರ್ಗಜ್ ಎಂಬುದಕ್ಕೆ ಕನ್ನಡದಲ್ಲಿ ‘ಧರ್ಮಕೇಂದ್ರ’ ಎಂಬ ಪದ ಬಳಕೆಗೆ ಬಂದಿದೆ. ಇಗರ್ಜಿಯನ್ನು ಕಲ್ಲು ಸುಣ್ಣದಿಂದ ಕಟ್ಟಬಹುದು. ಫಿರ್ಗಜ್ ಹಾಗಲ್ಲ, ಅದು ಜನರಿಂದ ಆಗುವಂಥದ್ದು. ಮಂಗಳೂರು, ಉಡುಪಿ ಕಡೆಯ ಕಥೊಲಿಕರು ‘ನಮ್ಮ ಇಗರ್ಜಿ’ ಎಂದು ಅಕ್ಕರೆಯಿಂದ ಹೇಳುವಾಗ ಅವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ಈ ಎರಡನೆಯದೇ.

ಕಥೊಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಧರ್ಮಕೇಂದ್ರವನ್ನು ಕಟ್ಟಡ ಎಂದು ಹೇಳುವುದಿಲ್ಲ, ಸ್ಥಿರವಾಗಿ ನೆಲೆಗೊಂಡ ವಿಶ್ವಾಸಿಗಳ ಸಮುದಾಯ ಎನ್ನುತ್ತದೆ. ಬಿಷಪರ ಅಧಿಕಾರದ ಅಡಿಯಲ್ಲಿ ಒಬ್ಬ ಧರ್ಮಗುರು ಅದರ ಪಾಲಕ. ಸಾಮಾನ್ಯವಾಗಿ ಅದಕ್ಕೆ ಭೂಮಿಯ ಮೇಲೆ ಗಡಿ ಇರುತ್ತದೆ. ಆ ಗಡಿಯೊಳಗೆ ವಾಸಕ್ಕೆ ಬಂದ ಕಥೊಲಿಕರು ಅರ್ಜಿ ಹಾಕಿ ಸದಸ್ಯರಾಗಬೇಕಿಲ್ಲ, ವಾಸದಿಂದಲೇ ಅಲ್ಲಿಯವರಾಗುತ್ತಾರೆ. ಸಂಘ, ಕ್ಲಬ್ಬುಗಳಿಗೂ ಧರ್ಮಕೇಂದ್ರಕ್ಕೂ ಇರುವ ಮೂಲ ವ್ಯತ್ಯಾಸ ಇದು. ಸಂಘದಲ್ಲಿ ಸಮಾನಾಸಕ್ತರು ಸೇರುತ್ತಾರೆ. ಧರ್ಮಕೇಂದ್ರದಲ್ಲಿ ಜಮೀನಿದ್ದವರು, ಕೂಲಿಯವರು, ಮಾತು ಬಿಟ್ಟ ನೆರೆಹೊರೆಯವರು, ದಾಯಾದಿಗಳು ಎಲ್ಲರೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ. ಮನೆಯೂ ಹಾಗೆಯೇ ಅಲ್ಲವೇ? ಮನೆಯವರನ್ನು ಯಾರೂ ಆರಿಸಿಕೊಂಡಿರುವುದಿಲ್ಲ.

ಧರ್ಮಕೇಂದ್ರ ಎಂಬುದಕ್ಕೆ ಯುರೋಪಿನ ಭಾಷೆಗಳಲ್ಲಿರುವ ಪದದ ಮೂಲ ಗ್ರೀಕಿನ ‘ಪರೋಯ್ಕಿಯಾ’. ಅನ್ಯ ದೇಶದಲ್ಲಿ ಬಿಡಾರ ಹೂಡಿದವರ ವಾಸ ಎಂಬುದು ಅದರ ಹಳೆಯ ಅರ್ಥ. ಈ ಲೋಕದಲ್ಲಿ ತಾವು ದಾರಿಹೋಕರು ಎಂದು ನಂಬಿದ್ದ ಆದಿ ಕ್ರೈಸ್ತರು ತಮ್ಮ ಸಮುದಾಯಗಳಿಗೆ ಆ ಹೆಸರನ್ನೇ ಇಟ್ಟುಕೊಂಡರು. ಬಿಡಾರ ಎಂಬ ಅರ್ಥದ ಪದವೇ ಸ್ವಂತ ಮನೆಯಷ್ಟು ಆಪ್ತವಾಯಿತು.

ಕರಾವಳಿಯ ಕಥೊಲಿಕರ ಚರಿತ್ರೆಗೆ ಈ ಅರ್ಥ ಚೆನ್ನಾಗಿ ಹೊಂದುತ್ತದೆ. ಇವರಲ್ಲಿ ಬಹುಪಾಲು ಕುಟುಂಬಗಳ ಹಿರಿಯರು ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದವರು. ಮಂಗಳೂರಿನ ರೊಜಾರಿಯೊ ಇಗರ್ಜಿಯ ಆರಂಭ 1568ರಲ್ಲಿ. ಕಲ್ಯಾಣಪುರದ ಮಿಲಾಗ್ರಿಸ್ 1678ರಲ್ಲಿ, ಮಂಗಳೂರಿನ ಮಿಲಾಗ್ರಿಸ್ 1680ರಲ್ಲಿ ಹುಟ್ಟಿದವು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸಾವಿರಾರು ಕಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಕರಾವಳಿಯ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸ್ಪೇಟೆಯ ಇಗರ್ಜಿ ಉಳಿದುಕೊಂಡಿತು. ಅದನ್ನು ಕಾಪಾಡಿದವರು ಚೌಟ ಅರಸರು ಎಂದು ಚರಿತ್ರೆ ನೆನೆಯುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಮರಳಿ ಬಂದರು. ಜಮೀನು ಪರರ ಕೈಸೇರಿತ್ತು, ಮನೆಗಳು ಬಿದ್ದಿದ್ದವು. ಅಂಥ ಸ್ಥಿತಿಯಲ್ಲೂ ಅವರು ಇಗರ್ಜಿಗಳನ್ನು ಒಂದೊಂದಾಗಿ ಮತ್ತೆ ಎಬ್ಬಿಸಿದರು. ಚದುರಿದ ಜನರು ಪರಸ್ಪರ ಸಿಗುವ ಜಾಗ ಅದೊಂದೇ ಆಗಿತ್ತು. ಕರಾವಳಿಯ ಕಥೊಲಿಕರಿಗೆ ಇಗರ್ಜಿಯ ಮೇಲಿರುವ ಮಮತೆಯನ್ನು ಬರಿಯ ಭಕ್ತಿ ಎಂದು ವಿವರಿಸಿದರೆ ಸಾಲದು. ಅದರ ಹಿಂದೆ ಈ ನೆನಪೂ ಇದೆ.

ಒಂದು ಧರ್ಮಕೇಂದ್ರದ ಎಲ್ಲ ಮನೆಗಳನ್ನು ಒಬ್ಬ ಧರ್ಮಗುರು ತಾನೊಬ್ಬನೇ ಅರಿಯುವುದು ಸಾಧ್ಯವಿಲ್ಲ. ಅದಕ್ಕಾಗಿ ಪ್ರತಿ ಧರ್ಮಕೇಂದ್ರವನ್ನೂ ‘ವಾಳೆ’ಗಳಾಗಿ ಹಂಚಿರುತ್ತಾರೆ. ಹತ್ತಿರ ಹತ್ತಿರದ ಒಂದಷ್ಟು ಮನೆಗಳು ಸೇರಿ ಒಂದು ವಾಳೆ. ಅದಕ್ಕೊಬ್ಬ ಗುರ್ಕಾರ. ಕರಾವಳಿಯ ಬೇರೆ ಸಮುದಾಯಗಳಲ್ಲಿಯೂ ಇರುವ ‘ಗುರಿಕಾರ’ ಎಂಬ ಪದವೇ ಇದು. ಇಗರ್ಜಿ ಗೋವೆಯಿಂದ ಬಂದರೂ ಅದರ ಒಳಗಿನ ಏರ್ಪಾಡು ಈ ನೆಲದ್ದು. ಹಿಂದೆ ಗುರ್ಕಾರ ಎಂದರೆ ಮನೆತನದ ಹಿರಿಯ. ಜಗಳ ಬಿಡಿಸುವುದು, ಸಂಬಂಧ ಕುದುರಿಸುವುದು, ಮದುವೆಯಲ್ಲಿ ಮುಂದೆ ನಿಲ್ಲುವುದು ಅವನ ಹೊಣೆಯಾಗಿತ್ತು. ಈಗ ವಾಳೆಯ ಕುಟುಂಬಗಳು ಗುರ್ಕಾರರನ್ನು ಆರಿಸುತ್ತವೆ, ಹೆಂಗಸರೂ ಗುರ್ಕಾರರಾಗುತ್ತಾರೆ. ಹಾಸಿಗೆ ಹಿಡಿದ ಹಿರಿಯರು ಯಾವ ಮನೆಯಲ್ಲಿದ್ದಾರೆ, ಯಾರಿಗೆ ಕೆಲಸ ಹೋಗಿದೆ, ಯಾವ ಮಗುವಿನ ಶಾಲಾ ಶುಲ್ಕ ಬಾಕಿ ಇದೆ ಎಂಬುದು ಗುರ್ಕಾರರ ಬಾಯಿಂದ ಧರ್ಮಗುರುಗಳಿಗೆ ತಲುಪುತ್ತದೆ. ಅಂಥ ಮನೆಗೆ ಗದ್ದಲವಿಲ್ಲದೆ ನೆರವು ಮುಟ್ಟಿಸುವುದು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕೆಲಸ. 1833ರಲ್ಲಿ ಪ್ಯಾರಿಸ್ಸಿನ ಕೆಲವು ವಿದ್ಯಾರ್ಥಿಗಳು ಫ್ರೆಡೆರಿಕ್ ಓಝನಾಮ್ ಜೊತೆಗೂಡಿ ಕಟ್ಟಿದ ಈ ಸಭೆಯ ಶಾಖೆಗಳು ಇಲ್ಲಿನ ಧರ್ಮಕೇಂದ್ರಗಳಲ್ಲಿವೆ. ಬಡವರ ಮನೆಗೆ ತಾವೇ ನಡೆದುಹೋಗಿ ಕಾಣಬೇಕು ಎಂಬುದು ಅದರ ಹಳೆಯ ಪದ್ಧತಿ.

ಧರ್ಮಕೇಂದ್ರದ ಬದುಕಿನ ನಡುಗಂಬ ಭಾನುವಾರದ ಬಲಿಪೂಜೆ. ಕಥೊಲಿಕ ವಿಶ್ವಾಸದ ಪ್ರಕಾರ ಅಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಯೇಸುವಿನ ದೇಹ ಮತ್ತು ರಕ್ತವಾಗುತ್ತವೆ. ಉಳಿದುದೆಲ್ಲ ಅದರ ಸುತ್ತ ನಿಂತಿದೆ. ಎರಡನೇ ವ್ಯಾಟಿಕನ್ ಮಹಾಸಭೆಯವರೆಗೆ ಈ ಪೂಜೆ ನಡೆಯುತ್ತಿದ್ದುದು ಲ್ಯಾಟಿನಿನಲ್ಲಿ. 1963ರ ಡಿಸೆಂಬರಿನಲ್ಲಿ ಆ ಮಹಾಸಭೆ ಹೊರಡಿಸಿದ ಉಪಾಸನೆಯ ಕುರಿತ ಶಾಸನ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಕೊಂಕಣಿ, ಕನ್ನಡಗಳು ಬಲಿಪೀಠಕ್ಕೆ ಬಂದವು. ದೇವರೊಡನೆ ಮನೆಯ ಭಾಷೆಯಲ್ಲೇ ಮಾತಾಡಬಹುದು ಎಂದಾದಾಗ ಇಗರ್ಜಿಯ ಒಳಗು ಮನೆಗೆ ಎಷ್ಟು ಹತ್ತಿರವಾಯಿತು ಎಂಬುದನ್ನು ಆ ಬದಲಾವಣೆ ಕಂಡ ಹಿರಿಯರು ಬಲ್ಲರು. ಬೆಂಗಳೂರಿನ ಕನ್ನಡ ಕಥೊಲಿಕರು ಪೂಜೆಯಲ್ಲಿ ಕನ್ನಡಕ್ಕೆ ಸ್ಥಾನ ಬೇಕೆಂದು ದಶಕಗಳ ಕಾಲ ದನಿಯೆತ್ತಿದ್ದೂ ಇದೇ ಕಾರಣಕ್ಕೆ. ಅದನ್ನು ಬರಿಯ ಭಾಷಾಭಿಮಾನ ಎಂದು ತಳ್ಳಿಹಾಕುವುದು ಸರಿಯಲ್ಲ. ತಾಯಿ ಕಲಿಸಿದ ಮಾತಿನಲ್ಲಿ ಪ್ರಾರ್ಥನೆ ಕೇಳಿಸದ ಜಾಗ ಮನೆ ಎನಿಸುವುದು ಕಷ್ಟ.

ಪೂಜೆ ಮುಗಿದ ಮೇಲಿನ ಅರ್ಧ ಗಂಟೆಯನ್ನೂ ಗಮನಿಸಬೇಕು. ಮಕ್ಕಳು ಧರ್ಮೋಪದೇಶದ ತರಗತಿಗೆ ಓಡುತ್ತಾರೆ. ಗಾಯನ ಮಂಡಳಿಯವರು ಮುಂದಿನ ವಾರದ ಹಾಡು ಗೊತ್ತುಮಾಡುತ್ತಾರೆ. ಅಂಗಳದಲ್ಲಿ ಗುಂಪು ಗುಂಪಾಗಿ ನಿಂತವರ ನಡುವೆ ಅಡಿಕೆಯ ಧಾರಣೆ, ಮಗಳ ಹೆರಿಗೆ, ಬಾವಿಯ ನೀರು ಎಲ್ಲವೂ ಮಾತಿಗೆ ಬರುತ್ತವೆ. ಎರಡು ಭಾನುವಾರ ಕಾಣದವರ ಬಗ್ಗೆ ಮೂರನೆಯ ಭಾನುವಾರ ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ.

ವರ್ಷದ ಹಬ್ಬಗಳಲ್ಲಿ ಕರಾವಳಿಯ ಧರ್ಮಕೇಂದ್ರ ಮನೆಯೊಳಗೇ ಬಂದು ಕೂರುವುದು ಮೊಂತಿ ಫೆಸ್ತಿನಂದು. ಮಾತೆ ಮರಿಯಳ ಜನ್ಮದಿನವಾದ ಸೆಪ್ಟೆಂಬರ್ 8 ಇಲ್ಲಿ ಹೊಸ ಬೆಳೆಯ ಹಬ್ಬವೂ ಹೌದು. ಇದರ ಮೂಲವನ್ನು ಹದಿನೆಂಟನೆಯ ಶತಮಾನದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯವರೆಗೆ ಗುರುತಿಸುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನಗಳ ‘ನೊವೆನಾ’ ಪ್ರಾರ್ಥನೆ. ಮಕ್ಕಳು ಬೆಳಗ್ಗೆ ಎದ್ದು ಬೇಲಿ, ಹಿತ್ತಲು, ಗದ್ದೆಯ ಅಂಚು ಹುಡುಕಿ ದಾಸವಾಳ, ಗೋರಟೆ, ಕಾಡು ಹೂ ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುಂಬಿ ತರುತ್ತಾರೆ. ಸಾಲಾಗಿ ಬಂದು ಬಾಲ ಮರಿಯಳ ಪ್ರತಿಮೆಗೆ ಹೂ ಎರಚುತ್ತಾರೆ. ಹಬ್ಬದ ದಿನ ಭತ್ತದ ಹೊಸ ತೆನೆಯನ್ನು ಆಶೀರ್ವದಿಸಿ ಪ್ರತಿ ಕುಟುಂಬಕ್ಕೆ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಬರುತ್ತದೆ. ಮನೆಯಲ್ಲಿ ಆ ತೆನೆಯನ್ನು ದೇವರ ಪೀಠದ ಮೇಲಿಟ್ಟು ಪ್ರಾರ್ಥಿಸಿ, ಕಾಳು ಸುಲಿದು ಅಕ್ಕಿ ಪುಡಿಮಾಡಿ ಹಾಲು ಅಥವಾ ಪಾಯಸಕ್ಕೆ ಬೆರೆಸುತ್ತಾರೆ. ಮನೆಯ ಹಿರಿಯರು ಅದನ್ನು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಹೊಸ ಅಕ್ಕಿಯ ಊಟ. ವರ್ಷವಿಡೀ ಮೀನು ಮಾಂಸ ಉಣ್ಣುವ ಮನೆಗಳಲ್ಲಿ ಅಂದು ತರಕಾರಿ ಮಾತ್ರ. ಕೊಲ್ಲಿ ರಾಷ್ಟ್ರದಲ್ಲಿರುವ ಮಗನಿಗೆ, ಮುಂಬಯಿಯಲ್ಲಿರುವ ಮಗಳಿಗೆ ಆ ತೆನೆಯ ನಾಲ್ಕಾರು ಕಾಳು ಲಕೋಟೆಯಲ್ಲಿ ಹೋಗುತ್ತವೆ. ಗದ್ದೆ ಬಿಟ್ಟ ಎಷ್ಟೋ ಕುಟುಂಬಗಳಿಗೆ ವರ್ಷಕ್ಕೊಮ್ಮೆ ಭತ್ತದ ತೆನೆ ಮುಟ್ಟುವ ಭಾಗ್ಯ ಸಿಗುವುದೂ ಇಗರ್ಜಿಯಿಂದಲೇ.

ಇಗರ್ಜಿಯ ವಾರ್ಷಿಕ ಹಬ್ಬದ ಹಿಂದಿನ ಭಾನುವಾರ ‘ಭ್ರಾತೃತ್ವದ ಭಾನುವಾರ’. ಅಂದು ಪರಮಪ್ರಸಾದದ, ಎಂದರೆ ಬಲಿಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಯ, ಮೆರವಣಿಗೆ ಊರ ಬೀದಿಯಲ್ಲಿ ಸಾಗುತ್ತದೆ. ಹಬ್ಬಗಳಿಗೆ ಕಥೊಲಿಕರಷ್ಟೇ ಬರುತ್ತಾರೆ ಎಂದೇನೂ ಇಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜನವರಿಯ ಜಾತ್ರೆಗೆ ಹಿಂದೂ, ಮುಸ್ಲಿಂ ಭಕ್ತರೂ ಮೇಣದಬತ್ತಿ ಹಿಡಿದು ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 2016ರಲ್ಲಿ ಬಸಿಲಿಕಾ ಪದವಿ ಪಡೆದ ಆ ಕ್ಷೇತ್ರ ಮೊದಲಿಗೆ ಒಂದು ಹಳ್ಳಿಯ ಧರ್ಮಕೇಂದ್ರವೇ.

ಧರ್ಮಕೇಂದ್ರದ ಕಚೇರಿಯಲ್ಲಿ ಕಪಾಟಿನೊಳಗೆ ಬೀಗ ಹಾಕಿಟ್ಟ ದಪ್ಪ ಪುಸ್ತಕಗಳಿವೆ: ದೀಕ್ಷಾಸ್ನಾನದ ದಾಖಲೆ, ಮದುವೆಯ ದಾಖಲೆ, ಮರಣದ ದಾಖಲೆ. ಇವುಗಳಲ್ಲಿ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ ಇಡುವುದನ್ನು ಇಡೀ ಧರ್ಮಸಭೆಗೆ ಕಡ್ಡಾಯಗೊಳಿಸಿದ್ದು ಟ್ರೆಂಟ್ ಮಹಾಸಭೆ, 1563ರಲ್ಲಿ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆ ತಾಯಿ, ಜ್ಞಾನತಂದೆ ಜ್ಞಾನತಾಯಿ, ದಿನ, ಧರ್ಮಗುರುವಿನ ಸಹಿ ಇರುತ್ತವೆ. ಬದಿಯಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಆ ಮಗು ಬೆಳೆದು ದೃಢೀಕರಣ ಪಡೆದಾಗ, ಮದುವೆಯಾದಾಗ, ಗುರುದೀಕ್ಷೆ ಪಡೆದಾಗ ಆ ಸುದ್ದಿ ಎಲ್ಲಿಂದಲೇ ಆಗಲಿ ಮರಳಿ ಬಂದು ಅದೇ ಸಾಲಿನ ಬದಿಯಲ್ಲಿ ದಾಖಲಾಗಬೇಕು. ದುಬೈಯಲ್ಲೋ ಟೊರಾಂಟೊದಲ್ಲೋ ಮದುವೆಯಾಗುವ ಯುವಕ ತಾನು ದೀಕ್ಷಾಸ್ನಾನ ಪಡೆದ ಹಳ್ಳಿಯ ಇಗರ್ಜಿಯಿಂದ ಪತ್ರ ತರಿಸಿಕೊಳ್ಳಬೇಕಾಗುತ್ತದೆ. ನಲವತ್ತು ವರ್ಷ ಊರಿಗೆ ಬಾರದವರ ಹೆಸರೂ ಆ ಪುಟದಲ್ಲಿ ಹಾಗೇ ಇರುತ್ತದೆ. ಅದನ್ನು ಯಾರೂ ಅಳಿಸುವುದಿಲ್ಲ.

ಮರಣದಲ್ಲಿ ಧರ್ಮಕೇಂದ್ರದ ನಿಜವಾದ ಬಲ ಕಾಣುತ್ತದೆ. ಇಗರ್ಜಿಯ ಗಂಟೆ ನಿಧಾನವಾಗಿ ಬಡಿಯತೊಡಗಿದರೆ ಗದ್ದೆಯಲ್ಲಿದ್ದವರು ನಿಂತು ಕೇಳಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಗುರ್ಕಾರರು ಸಾವಿನ ಮನೆಗೆ ಬಂದು ಗುಂಡಿ ತೆಗೆಸುವುದು, ಪೆಟ್ಟಿಗೆ ತರಿಸುವುದು, ದೂರದವರಿಗೆ ಸುದ್ದಿ ಮುಟ್ಟಿಸುವುದು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ವಾಳೆಯ ಹೆಂಗಸರು ಜಪಸರದ ಪ್ರಾರ್ಥನೆಗೆ ಕೂರುತ್ತಾರೆ, ಅಡುಗೆ ಅಕ್ಕಪಕ್ಕದ ಮನೆಗಳಿಂದ ಬರುತ್ತದೆ. ಏಳನೆಯ ದಿನ ಮತ್ತೆ ಪೂಜೆ. ನವೆಂಬರ್ 2ರ ಮೃತರ ಸ್ಮರಣೆಯಂದು ಸಂಜೆ ಸಮಾಧಿ ಸ್ಥಳದಲ್ಲಿ ಹುಲ್ಲು ಹೆರೆದು ಚೊಕ್ಕಟ ಮಾಡಿದ ಗೋರಿಗಳ ಮೇಲೆ ಚೆಂಡುಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ವಾರಸುದಾರರಿಲ್ಲದ ಗೋರಿಗೂ ಯಾರೋ ಒಬ್ಬರು ಒಂದು ಬತ್ತಿ ಇಡುತ್ತಾರೆ. ಹಿರಿಯರು ಮಲಗಿರುವ ನೆಲ ಎಂಬ ಕಾರಣಕ್ಕೇ ಇಗರ್ಜಿಯನ್ನು ಬಿಡಲಾಗದವರು ಬಹಳ ಮಂದಿ.

ಎಲ್ಲ ಧರ್ಮಕೇಂದ್ರಗಳೂ ಸದಾ ಹೀಗೇ ಇರುತ್ತವೆ ಎನ್ನಲಾಗದು. ಹಿಂದೆ ಜಾತಿಯ ಭೇದ ಇಗರ್ಜಿಯ ಬಾಗಿಲೊಳಗೂ ಬಂದಿತ್ತು, ಅದರ ನೆರಳು ಪೂರ್ತಿ ಸರಿದಿಲ್ಲ. ಹಣವಂತರ ಮಾತಿಗೆ ಹೆಚ್ಚು ತೂಕ ಬಂದಾಗ ಬಡವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಆಮೇಲೆ ಬರುವುದನ್ನೇ ನಿಲ್ಲಿಸುತ್ತಾರೆ. ಲೆಕ್ಕಪತ್ರ ಎಲ್ಲರೆದುರು ಇರದಿದ್ದರೆ ಮನಸ್ತಾಪ ಹುಟ್ಟುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂದು 1983ರ ಸಂಹಿತೆ ವಿಧಿಸಿರುವುದು ಆ ಕಾರಣದಿಂದಲೂ ಒಳ್ಳೆಯದೇ. ಹಳ್ಳಿಗಳಲ್ಲಿ ಯುವಕರು ಹೊರಟುಹೋಗಿ ದೊಡ್ಡ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿದ್ದಾರೆ. ಬೆಂಗಳೂರಿನಂಥ ನಗರದಲ್ಲಿ ಇದಕ್ಕೆ ತಿರುಗುಮುರುಗು: ಒಂದೇ ಇಗರ್ಜಿಯಲ್ಲಿ ಭಾನುವಾರ ಬೆಳಗಿನಿಂದ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳು ಸಾಲಾಗಿ ನಡೆಯುತ್ತವೆ, ಒಂದು ಪೂಜೆಗೆ ಬಂದವರು ಇನ್ನೊಂದರವರ ಮುಖ ಕಾಣುವುದಿಲ್ಲ. ಅಲ್ಲಿ ಜನ ತುಂಬಿದ ಇಗರ್ಜಿಯಲ್ಲೂ ಒಬ್ಬಂಟಿಯಾಗಿ ಬಂದು ಒಬ್ಬಂಟಿಯಾಗಿ ಹೋಗಬಹುದು.

ಹಾಗೆ ಒಬ್ಬಂಟಿಯಾಗದಂತೆ ಊರು ಬದಲಿಸಿದ ಕುಟುಂಬ ಮಾಡಬೇಕಾದ ಮೊದಲ ಕೆಲಸ ಸರಳವಾದದ್ದು. ಪೂಜೆ ಮುಗಿದ ಮೇಲೆ ಕಚೇರಿಗೆ ಹೋಗಿ ಕುಟುಂಬದ ಹೆಸರು ಬರೆಸಬೇಕು, ತಮ್ಮ ಬೀದಿ ಯಾವ ವಾಳೆಗೆ ಸೇರುತ್ತದೆ, ಅಲ್ಲಿಯ ಗುರ್ಕಾರರು ಯಾರು ಎಂದು ಕೇಳಿಕೊಳ್ಳಬೇಕು. ಹಳಬರಿಗೂ ಒಂದು ಕೆಲಸವಿದೆ: ಬೆಂಚಿನ ತುದಿಯಲ್ಲಿ ಕೂತ ಹೊಸ ಮುಖಕ್ಕೆ ಜಾಗ ಬಿಟ್ಟು, ಪೂಜೆಯ ನಂತರ ಹೆಸರು ವಿಚಾರಿಸುವುದು. ಧರ್ಮಗುರುವಿಗಂತೂ ಕಾನೂನೇ ಹೇಳಿದೆ. ಪಾಲಕನಾದವನು ಪ್ರತಿ ಭಾನುವಾರ ಒಂದು ಪೂಜೆಯನ್ನು ತನ್ನ ಧರ್ಮಕೇಂದ್ರದ ಜನರಿಗಾಗಿಯೇ ಅರ್ಪಿಸಬೇಕು. ನಿನ್ನೆಯಷ್ಟೇ ಬಾಡಿಗೆ ಮನೆಗೆ ಬಂದು ಇನ್ನೂ ಹೆಸರು ಬರೆಸದ ಕುಟುಂಬವೂ ಆ ಪೂಜೆಯಲ್ಲಿ ಸೇರಿದೆ.