ಹೊಸ ರೈಫಲ್ ನಳಿಗೆ ಹದಕ್ಕೆ ಬರುವುದು ಹೇಗೆ?

ಹೊಸ ರೈಫಲ್. ನಳಿಗೆಯ ಒಳಮೈ ಥಳಥಳ ಹೊಳೆಯುತ್ತಿದೆ. ಆದರೆ ಗುಂಡು ಹೊರಡುವ ಜಾಗದಲ್ಲೇ, ಚೇಂಬರ್ (ತೋಟಾ ಕೂರುವ ಗೂಡು) ಕೊರೆದ ಉಪಕರಣ ಸೂಕ್ಷ್ಮ ಗೀರುಗಳನ್ನು ಬಿಟ್ಟಿರುತ್ತದೆ.

ಮೊದಲ ಗುಂಡುಗಳ ತಾಮ್ರದ ಹೊದಿಕೆಯನ್ನು ಈ ಗೀರುಗಳು ಕೆರೆಯುತ್ತವೆ. ಆ ತಾಮ್ರ ಬಿಸಿ ಅನಿಲದೊಂದಿಗೆ ಸಾಗಿ ನಳಿಗೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಪದರದ ಮೇಲೆ ಪದರ ಕೂತರೆ ಗುರಿ ತಪ್ಪುತ್ತದೆ.

ಅದಕ್ಕೇ ನಳಿಗೆ ತಯಾರಿಸುವ ಅಮೆರಿಕದ ಕ್ರೀಗರ್ ಕಂಪನಿಯ ಸಲಹೆ: ಆರಂಭದಲ್ಲಿ ಒಂದು ಗುಂಡು, ಒಂದು ಶುಚಿ. ತಾಮ್ರ ಅಂಟುವುದು ಕಡಿಮೆಯಾದಂತೆ ಅಂತರ ಹೆಚ್ಚಿಸಬಹುದು.

ಶುಚಿಗೆ ಕೈಹಾಕುವ ಮುನ್ನ ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಾರೆ ನೋಡಲೇಬೇಕು. ಬೋಲ್ಟ್ ತೆಗೆದು, ಶುಚಿ ಮಾಡುವ ರಾಡನ್ನು ಹಿಂಬದಿಯಿಂದಲೇ ತೂರಿಸಬೇಕು. ಮುಂದಿನಿಂದ ತೂರಿಸಿ ನಳಿಗೆಯ ಬಾಯಂಚು ಸವೆದರೆ ಗುರಿಯೂ ಕೆಡುತ್ತದೆ. ತಾಮ್ರ ಕರಗಿಸುವ ದ್ರಾವಣದಲ್ಲಿ ನೆನೆಸಿದ ಬಟ್ಟೆ ತುಂಡು ನೀಲಿಯಾಗಿ ಹೊರಬಂತೇ? ಒಳಗೆ ತಾಮ್ರ ಇನ್ನೂ ಉಳಿದಿದೆ. ರಾಡಿನ ತುದಿ ಹಿತ್ತಾಳೆಯದಾದರೆ ಮಾತ್ರ ಎಚ್ಚರ, ಅದೂ ಇದೇ ಬಣ್ಣ ಬಿಡುತ್ತದೆ. ಕೊನೆಗೆ ತೆಳುವಾಗಿ ಎಣ್ಣೆ. ಮತ್ತೆ ಹಾರಿಸುವ ಮೊದಲು ಅದನ್ನೂ ಒರೆಸಬೇಕು.

ಹೀಗೆ ಗುಂಡಿಗೊಮ್ಮೆ ಶುಚಿ ಮಾಡುವುದನ್ನು ಎಲ್ಲರೂ ಒಪ್ಪುವುದಿಲ್ಲ. ಹೆಸರಾಂತ ರೈಫಲ್ ತಯಾರಕ ಗೇಲ್ ಮೆಕ್‌ಮಿಲನ್ ಪ್ರಕಾರ, ಈ ಕಸರತ್ತು ನಳಿಗೆಯ ಆಯಸ್ಸನ್ನು ಸುಮ್ಮನೆ ತಿನ್ನುತ್ತದೆ. ಕೈಯಿಂದ ಉಜ್ಜಿ ನಯಗೊಳಿಸಿದ ನಳಿಗೆಗಳಂತೂ ಬೇಗನೆ ಹದಕ್ಕೆ ಬರುತ್ತವೆ.

ಹಾಗಾಗಿ ಮೊದಲ ಗುಂಡು ಹಾರಿಸುವ ಮುನ್ನ, ನಿಮ್ಮ ರೈಫಲ್‌ನ ಕೈಪಿಡಿಯನ್ನು ಪೂರ್ತಿ ಓದಿಬಿಡಿ.